ಹುಲ್ಲಿನ ಎತ್ತರ ಅಳೆಯುವ ತಟ್ಟೆ: ಕಾನ್ಸಸ್‌ನ ಹುಲ್ಲುಗಾವಲಿನಲ್ಲಿ ಒಂದು ಚಳಿಗಾಲದ ಕೆಲಸ

ಪ್ಲೈವುಡ್ಡಿನ ಒಂದು ತಟ್ಟೆ, ಥರ್ಮಾಕೋಲಿನ ಇನ್ನೊಂದು ತಟ್ಟೆ, ಎರಡಕ್ಕೂ ಹೊಂದುವ 2 ಮೀಟರ್ ಉದ್ದದ ಅಲ್ಯೂಮಿನಿಯಂ ಕೊಳವೆ, ಕೊಳವೆಯ ತುದಿಗೆ ಬಿಗಿದ ಒಂದು ದೂರಮಾಪಕ. ಸ್ನಾತಕೋತ್ತರ ಪ್ರಬಂಧಕ್ಕಾಗಿ ಕಳೆದ ಚಳಿಗಾಲದಲ್ಲಿ ನಾನು ಕಟ್ಟಿದ ಉಪಕರಣ ಇಷ್ಟೇ. ಇದನ್ನು ಕಟ್ಟಬೇಕೆಂಬ ಯೋಚನೆ ಮೊದಲು ಇರಲಿಲ್ಲ. ಒಣಹುಲ್ಲಿನಲ್ಲಿ ಬೆಂಕಿ ಎಷ್ಟು ವೇಗವಾಗಿ ಹರಡುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಆ ಲೆಕ್ಕವನ್ನು ನಿಜವಾದ ಬೆಂಕಿಯ ಜೊತೆ ಹೋಲಿಸಿ ನೋಡುವುದಷ್ಟೇ ನನ್ನ ಪಾಲಿನ ಕೆಲಸವಾಗಿತ್ತು. ಲೆಕ್ಕ ಬರೆದು ಮುಗಿಸಿದ ಮೇಲೆ, ಅದಕ್ಕೆ ಉಣಿಸುತ್ತಿದ್ದ ಅಂಕಿಗಳಲ್ಲಿ ವೇಗವನ್ನು ಎಲ್ಲಕ್ಕಿಂತ ಹೆಚ್ಚು ಅಲುಗಾಡಿಸುವಂಥದ್ದನ್ನೇ ನಾನು ಕಣ್ಣಂದಾಜಿನಲ್ಲಿ ಬರೆದುಕೊಂಡು ಬಂದಿದ್ದೇನೆ ಎಂಬುದು ಗೊತ್ತಾಯಿತು. ತಟ್ಟೆಯ ಕೆಲಸ ಶುರುವಾದದ್ದು ಅಲ್ಲಿಂದ.

ಜಾಗದ ವಿಷಯವನ್ನು ಮೊದಲು ಹೇಳಬೇಕು. ಕಾನ್ಸಸ್ ರಾಜ್ಯದ ಪೂರ್ವಭಾಗದಲ್ಲಿರುವ ಫ್ಲಿಂಟ್ ಹಿಲ್ಸ್ ಎಂಬ ಗುಡ್ಡಸಾಲಿನ ಮಣ್ಣಿನಲ್ಲಿ ಹೆಸರಿಗೆ ತಕ್ಕಂತೆ ಚಕಮಕಿ ಕಲ್ಲು ತುಂಬಿದೆ. ಇಲ್ಲಿ ನೇಗಿಲು ಹೂಡುವುದು ಕಷ್ಟವಾದ ಕಾರಣದಿಂದಲೇ, ಉತ್ತರ ಅಮೆರಿಕದಲ್ಲಿ ಇಂದಿಗೂ ಉಳಿದಿರುವ ಎತ್ತರದ ಹುಲ್ಲುಗಾವಲಿನ ಬಹುಪಾಲು ಈ ಗುಡ್ಡಗಳಲ್ಲಿದೆ. ಬಿಗ್ ಬ್ಲೂಸ್ಟೆಮ್, ಇಂಡಿಯನ್ ಗ್ರಾಸ್, ಸ್ವಿಚ್ ಗ್ರಾಸ್, ಲಿಟ್ಲ್ ಬ್ಲೂಸ್ಟೆಮ್ ಎಂಬ ನಾಲ್ಕು ಹುಲ್ಲುಗಳು ಇಲ್ಲಿನ ಮುಖ್ಯ ಬೆಳೆ. ಮಳೆ ಚೆನ್ನಾಗಿ ಬಿದ್ದ ವರ್ಷ ಮೊದಲನೆಯದು ಆಳೆತ್ತರ ಮೀರುತ್ತದೆ. ದನಗಳಿಗೆ ಹೊಸ ಚಿಗುರು ಬರಲಿ, ಕೆಂಪು ಸೀಡರ್ ಮರ ಹುಲ್ಲನ್ನು ನುಂಗದಿರಲಿ ಎಂದು ರೈತರು ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ತಾವಾಗಿಯೇ ಬೆಂಕಿ ಕೊಡುತ್ತಾರೆ. ಮ್ಯಾನ್‌ಹಾಟನ್ ಊರಿನ ಬಳಿಯ 3,487 ಹೆಕ್ಟೇರಿನ ಕೋಂಝಾ ಪ್ರೇರಿ ಸಂಶೋಧನಾ ಕೇಂದ್ರದಲ್ಲಿ ಇದೇ ಬೆಂಕಿಯನ್ನು ಪ್ರಯೋಗವಾಗಿ, ಕೆಲವು ತುಂಡುಗಳಿಗೆ ಪ್ರತಿ ವರ್ಷ, ಕೆಲವಕ್ಕೆ 2, 4 ಅಥವಾ 20 ವರ್ಷಗಳಿಗೊಮ್ಮೆ ಕೊಡುತ್ತ ಬಂದಿದ್ದಾರೆ. ನನ್ನ ಮೂರು ತುಂಡುಗಳು ಇದ್ದದ್ದು ಅಲ್ಲಲ್ಲ, ಅದೇ ಗುಡ್ಡಸಾಲಿನ ಒಂದು ಖಾಸಗಿ ಜಮೀನಿನಲ್ಲಿ.

ಮಲೆನಾಡಿನ ಸಾಗರದ ಕಡೆಯವನಾದ ನನಗೆ ಒಣಹುಲ್ಲೆಂದರೆ ಕರಡ. ಬ್ಯಾಣದಲ್ಲಿ, ಅಂದರೆ ನಮ್ಮ ಕಡೆಯ ಹುಲ್ಲುಗಾವಲಿನಲ್ಲಿ, ಆಳೆತ್ತರ ಬೆಳೆದು ಒಣಗಿದ ಹುಲ್ಲನ್ನು ಕೊಯ್ದು ಹೊರೆ ಕಟ್ಟಿ ತರುವುದನ್ನು ನೋಡಿಯೇ ಬೆಳೆದವನು. ಅದನ್ನು ಇಂಧನ ಎಂದು ಕರೆಯುವುದಕ್ಕೆ ನಾಲಿಗೆ ಹೊರಳಲು ಒಂದು ಸೆಮಿಸ್ಟರ್ ಬೇಕಾಯಿತು. ಆದರೆ ಬೆಂಕಿಯ ಲೆಕ್ಕಕ್ಕೆ ಹುಲ್ಲು ಯಾವ ಜಾತಿಯದೆಂಬುದು ಬೇಡ. ಚದರ ಮೀಟರಿಗೆ ಎಷ್ಟು ತೂಕ, ಎಷ್ಟು ಎತ್ತರದವರೆಗೆ ಹರಡಿಕೊಂಡಿದೆ, ಎಲೆ ಎಷ್ಟು ತೆಳು, ತೇವ ಎಷ್ಟು ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಅದಕ್ಕೆ ಸಾಕು.

ಅಕ್ಟೋಬರ್ ತಿಂಗಳು ಪೂರ್ತಿ ಲೆಕ್ಕದ ಕಡೆಗೇ ಹೋಯಿತು. ಮೊಂಟಾನಾ ರಾಜ್ಯದ ಮಿಸೂಲಾದಲ್ಲಿರುವ ಅಮೆರಿಕದ ಅರಣ್ಯ ಸೇವೆಯ ಪ್ರಯೋಗಾಲಯದಲ್ಲಿ ರಿಚರ್ಡ್ ರಾದರ್ಮೆಲ್ 1972ರಲ್ಲಿ ಪ್ರಕಟಿಸಿದ ಸಮೀಕರಣಗಳನ್ನೇ ಈ ದೇಶದ ಬಹುತೇಕ ಬೆಂಕಿ ತಂತ್ರಾಂಶಗಳು ಇಂದಿಗೂ ಬಳಸುತ್ತವೆ. ಅದರ ತಿರುಳು ಸರಳವಾದುದು. ಉರಿಯುತ್ತಿರುವ ಹುಲ್ಲು ಮುಂದಿನ ಹುಲ್ಲಿಗೆ ಎಷ್ಟು ಶಾಖ ತಲುಪಿಸುತ್ತದೆ ಎಂಬುದನ್ನು, ಆ ಮುಂದಿನ ಹುಲ್ಲನ್ನು ಹೊತ್ತಿಸಲು ಎಷ್ಟು ಶಾಖ ಬೇಕು ಎಂಬುದರಿಂದ ಭಾಗಿಸಿದರೆ ಬೆಂಕಿಯ ವೇಗ ಸಿಗುತ್ತದೆ. ಗಾಳಿ ಮತ್ತು ಇಳಿಜಾರು ಮೇಲಿನ ಅಂಶವನ್ನು ಹಿಗ್ಗಿಸುತ್ತವೆ. ತೇವ ಮೇಲಿನದನ್ನು ಕುಗ್ಗಿಸಿ ಕೆಳಗಿನದನ್ನು ಹಿಗ್ಗಿಸುತ್ತದೆ. ಸಿದ್ಧ ತಂತ್ರಾಂಶ ಇದ್ದರೂ ಒಂದೊಂದು ಸಮೀಕರಣವನ್ನೂ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಾನೇ ಬರೆಯಬೇಕೆಂದು ಮಾರ್ಗದರ್ಶಕರು ಹಟ ಹಿಡಿದರು. ಆಗ ಬೇಸರವಾಗಿತ್ತು. ಈಗ ಅದಕ್ಕೆ ಋಣಿಯಾಗಿದ್ದೇನೆ.

ಬರೆದದ್ದು ಸರಿಯೋ ತಪ್ಪೋ ಎಂದು ತಾಳೆ ನೋಡಲು ಒಂದು ಗಟ್ಟಿಯಾದ ಗುರುತು ಬೇಕಿತ್ತು. 1982ರಲ್ಲಿ ಹಾಲ್ ಆಂಡರ್ಸನ್ ಪ್ರಕಟಿಸಿದ 13 ಇಂಧನ ಮಾದರಿಗಳ (ಇಂಥ ಲೆಕ್ಕಕ್ಕೆ ಉಣಿಸುವ ಸಿದ್ಧ ಅಂಕಿಗಳ ಕಟ್ಟುಗಳ) ಪೈಕಿ ಮೂರನೆಯದು ಎತ್ತರದ ಹುಲ್ಲಿಗೆ ಸಂಬಂಧಿಸಿದ್ದು. ಎಕರೆಗೆ 3.01 ಟನ್ ಹುಲ್ಲು, 2.5 ಅಡಿ ಎತ್ತರ, ತೇವ ಶೇ 25 ಮುಟ್ಟಿದರೆ ಬೆಂಕಿ ನಿಲ್ಲುತ್ತದೆ ಎಂಬ ಮಿತಿ ಅದರದು. ಹುಲ್ಲಿನ ತೇವ ಶೇ 8, ಜ್ವಾಲೆಯ ನಡುಮಟ್ಟದಲ್ಲಿ ಗಾಳಿ ಗಂಟೆಗೆ 5 ಮೈಲಿ ಇದ್ದಾಗ ಬೆಂಕಿ ಗಂಟೆಗೆ 104 ಚೈನ್ ಹರಡುತ್ತದೆ, ಜ್ವಾಲೆ 12 ಅಡಿ ಇರುತ್ತದೆ ಎಂದು ಅಲ್ಲಿ ಕೊಟ್ಟಿದೆ. ಚೈನ್ ಎಂದರೆ 66 ಅಡಿ. ನಮ್ಮ ಗುಂಟೆಯ ಒಂದು ಬದಿ 33 ಅಡಿ ಇರುವುದರಿಂದ ಈ ವಿಚಿತ್ರ ಅಳತೆ ನನಗೆ ಅಷ್ಟೇನೂ ಪರಕೀಯವೆನಿಸಲಿಲ್ಲ. ಎರಡು ಗುಂಟೆಯ ಉದ್ದ ಎಂದುಕೊಂಡರೆ ಆಯಿತು.

ನನ್ನ ಮೊದಲ ಉತ್ತರ ಗಂಟೆಗೆ 4 ಚೈನ್ ಎಂದು ಬಂತು. ಎತ್ತರದ ಹುಲ್ಲಿನಲ್ಲಿ ಬಸವನಹುಳು ಹರಿದ ಹಾಗೆ. ಎರಡು ದಿನ ಸಮೀಕರಣಗಳನ್ನು ಒಂದೊಂದಾಗಿ ಕೈಲೆಕ್ಕ ಮಾಡಿ ನೋಡಿದ ಮೇಲೆ ದೋಷ ಸಿಕ್ಕಿತು. ರಾದರ್ಮೆಲ್ ಸಮೀಕರಣಕ್ಕೆ ಗಾಳಿಯ ವೇಗವನ್ನು ನಿಮಿಷಕ್ಕೆ ಇಷ್ಟು ಅಡಿ ಎಂದು ಕೊಡಬೇಕು. ಗಂಟೆಗೆ 5 ಮೈಲಿ ಎಂದರೆ ನಿಮಿಷಕ್ಕೆ 440 ಅಡಿ. ನಾನು 440ರ ಜಾಗದಲ್ಲಿ ಬರೀ 5 ಎಂದು ಕೊಟ್ಟಿದ್ದೆ. ಗಾಳಿಯೇ ಇಲ್ಲದ ಬೆಂಕಿಯ ವೇಗ ಬಂದಿತ್ತು. ಅದನ್ನು ಸರಿಪಡಿಸಿದಾಗ 102 ಚೈನ್ ಬಂತು. ಉಳಿದ ಎರಡು ಚೈನ್ ಎಲ್ಲಿ ಹೋಯಿತೆಂದು ಹುಡುಕುವಾಗ ಇನ್ನೊಂದು ಸಂಗತಿ ತಿಳಿಯಿತು. ಮೂಲ ಸಮೀಕರಣಗಳಲ್ಲಿ ಎರಡನ್ನು ಫ್ರ್ಯಾಂಕ್ ಆಲ್ಬಿನಿ 1976ರಲ್ಲಿ ಬದಲಾಯಿಸಿದರು. ಒಂದು, ಉರಿಯುವ ವೇಗಕ್ಕೆ ಸಂಬಂಧಿಸಿದ ಘಾತಾಂಕ. ಇನ್ನೊಂದು, ಹುಲ್ಲಿನ ತೂಕದಿಂದ ಬೂದಿಯ ಅಂಶವನ್ನು ಕಳೆಯುವ ರೀತಿ. ಹೊಸ ರೂಪದಲ್ಲಿ 102, ಹಳೆಯ ರೂಪದಲ್ಲಿ ಸುಮಾರು 105 ಬರುತ್ತದೆ. ಮುದ್ರಿತವಾದ 104 ಇವೆರಡರ ನಡುವೆ ಇರುವುದನ್ನು ಕಂಡು, ಶೇ 2ರ ವ್ಯತ್ಯಾಸಕ್ಕಾಗಿ ಇನ್ನೊಂದು ವಾರ ಕಳೆಯುವುದು ಬೇಡವೆಂದು ನಿರ್ಧರಿಸಿ, ಆಲ್ಬಿನಿಯ ರೂಪವನ್ನೇ ಉಳಿಸಿಕೊಂಡೆ. ಜ್ವಾಲೆಯ ಉದ್ದ 12 ಅಡಿಗೆ ಸರಿಯಾಗಿ ಕೂತಿತು.

ಅನಂತರ ಮಾಡಿದ್ದು ಹುಡುಗಾಟದಂಥ ಒಂದು ಪರೀಕ್ಷೆ. ಬೇರೆಲ್ಲವನ್ನೂ ಹಾಗೆಯೇ ಇಟ್ಟು, ಒಂದೊಂದೇ ಅಂಕಿಯನ್ನು ಎಳೆದು ನೋಡಿದೆ. ತೇವವನ್ನು ಶೇ 8ರಿಂದ 12ಕ್ಕೆ ಏರಿಸಿದರೆ ವೇಗ ಶೇ 17ರಷ್ಟು ಇಳಿಯಿತು. ಎತ್ತರವನ್ನು ಅಲುಗಾಡಿಸದೆ ಹುಲ್ಲಿನ ತೂಕವನ್ನು ಮಾತ್ರ ಇಮ್ಮಡಿ ಮಾಡಿದಾಗ ವೇಗ ನಿಮಿಷಕ್ಕೆ 112 ಅಡಿಯಿಂದ 109 ಅಡಿಗೆ ಬಂತು, ಅಂದರೆ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಜ್ವಾಲೆ ಮಾತ್ರ 12 ಅಡಿಯಿಂದ 18 ಅಡಿಗೆ ಜಿಗಿಯಿತು. ಆಮೇಲೆ ತೂಕವನ್ನು ಮೊದಲಿನಂತೆ ಇಟ್ಟು ಎತ್ತರವನ್ನು ಅರ್ಧ ಮಾಡಿದೆ. ವೇಗ 112ರಿಂದ 54ಕ್ಕೆ ಕುಸಿಯಿತು. ಒಂದು ಕ್ಷಣ ಮತ್ತೆ ಯಾವುದೋ ಮಾನದ ದೋಷ ನುಸುಳಿದೆ ಎಂದುಕೊಂಡೆ. ಕೈಲೆಕ್ಕದಲ್ಲೂ ಅದೇ ಉತ್ತರ ಬಂತು.

ಕಾರಣವನ್ನು ಒಲೆಯ ಮುಂದೆ ಕೂತವರಿಗೆ ವಿವರಿಸಬೇಕಾಗಿಲ್ಲ. ಸೌದೆಯನ್ನು ಒತ್ತಾಗಿ ತುರುಕಿದರೆ ಹೊಗೆ, ಸಡಿಲವಾಗಿ ಜೋಡಿಸಿದರೆ ಉರಿ. ರಾದರ್ಮೆಲ್ ಇದನ್ನೇ ಒಂದು ಅನುಪಾತವಾಗಿ ಬರೆದರು: ಹುಲ್ಲು ಆಕ್ರಮಿಸಿಕೊಂಡಿರುವ ಒಟ್ಟು ಜಾಗದಲ್ಲಿ ನಿಜವಾದ ಹುಲ್ಲೆಷ್ಟು, ಗಾಳಿಯೆಷ್ಟು ಎಂಬುದು. ಎತ್ತರದ ಹುಲ್ಲಿನ ಮಾದರಿಯಲ್ಲಿ ನೂರರಲ್ಲಿ 0.17 ಪಾಲು ಮಾತ್ರ ಹುಲ್ಲು, ಉಳಿದದ್ದೆಲ್ಲ ಗಾಳಿ. ಅತ್ಯಂತ ಬಿರುಸಾಗಿ ಉರಿಯಲು ಬೇಕಾದ ಒತ್ತಣೆ ನೂರಕ್ಕೆ 0.84. ಹಾಗಾಗಿ ಇದೇ ಹುಲ್ಲನ್ನು ಅರ್ಧಕ್ಕೆ ಒತ್ತಿದರೆ ಚದರ ಅಡಿಯೊಂದರಲ್ಲಿ ಹೊಮ್ಮುವ ಶಾಖ ಶೇ 22ರಷ್ಟು ಹೆಚ್ಚುತ್ತದೆ ಎಂಬುದು ನಿಜ. ಆದರೆ ಮುಂದಿನ ಪ್ರತಿ ಅಡಿಯನ್ನು ದಾಟಲು ಕಾಯಿಸಬೇಕಾದ ಹುಲ್ಲು ಇಮ್ಮಡಿಯಾಗುತ್ತದೆ, ಗಾಳಿಯ ಹಿಡಿತವೂ ಸಡಿಲವಾಗುತ್ತದೆ. ನಮ್ಮ ಕಡೆ ಬಿಗಿಯಾಗಿ ಒಟ್ಟಿದ ಹುಲ್ಲಿನ ಗೊಣಬೆಗೆ ಬೆಂಕಿ ಬಿದ್ದರೆ ದಿನಗಟ್ಟಲೆ ಒಳಗೊಳಗೇ ಬೇಯುವುದೂ, ಬ್ಯಾಣದಲ್ಲಿ ನಿಂತ ಕರಡಕ್ಕೆ ಬಿದ್ದರೆ ಕ್ಷಣದಲ್ಲಿ ದಾಟಿಹೋಗುವುದೂ ಇದೇ ಅನುಪಾತದ ಎರಡು ಕೊನೆಗಳು.

ನನ್ನ ಹೊಲದ ಪುಸ್ತಕವನ್ನು ತೆರೆದು ನೋಡಿದೆ. ಹುಲ್ಲಿನ ತೂಕವನ್ನು ಗ್ರಾಮಿನ ಹತ್ತನೆಯ ಒಂದು ಭಾಗದವರೆಗೆ ಬರೆದಿದ್ದೆ. ಎತ್ತರದ ಕಲಮಿನಲ್ಲಿ “ಸೊಂಟದ ಮಟ್ಟ”, “ಸುಮಾರು 80”, “80–100” ಎಂಬ ಬರಹಗಳಿದ್ದವು.

ಎತ್ತರವೆಂದರೆ ಯಾವುದು ಎಂಬುದೇ ಇಲ್ಲಿ ಮೊದಲ ತೊಡಕು. ಒಂಟಿಯಾಗಿ ಮೇಲೆ ಚಾಚಿದ ತೆನೆಯ ತುದಿಯವರೆಗೆ ಅಳೆದರೆ, ಹುಲ್ಲಿನ ಮೈಗೆ ಸೇರದ ಖಾಲಿ ಜಾಗವೆಲ್ಲ ಸೇರಿಕೊಳ್ಳುತ್ತದೆ. ಹುಲ್ಲಿನ ಬಹುಭಾಗ ಎಲ್ಲಿಯವರೆಗೆ ತುಂಬಿದೆ ಎಂಬುದು ಬೇಕು, ಅದೂ ಅಳೆಯುವವರ ಕಣ್ಣನ್ನು ನೆಚ್ಚದೆ ಬೇಕು. ದಕ್ಷಿಣ ಆಫ್ರಿಕಾದಲ್ಲಿ ಇದಕ್ಕೆ ಹತ್ತಿರದ ಕೆಲಸಕ್ಕೆ ಒಂದು ತಟ್ಟೆಯನ್ನು 1970ರ ದಶಕದಿಂದ ಬಳಸುತ್ತಿದ್ದಾರೆ. ಸುಮಾರು 46 ಸೆಂ.ಮೀ. ವ್ಯಾಸದ, ಒಂದೂವರೆ ಕಿಲೋ ತೂಕದ ತಟ್ಟೆಯನ್ನು ಕೋಲಿನ ಗುಂಟ ಹುಲ್ಲಿನ ಮೇಲೆ ಬಿಡುವುದು, ಅದು ನಿಂತ ಎತ್ತರವನ್ನು ಓದುವುದು, ಆ ಎತ್ತರದಿಂದ ಹುಲ್ಲಿನ ತೂಕವನ್ನು ಅಂದಾಜು ಮಾಡುವುದು. ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕಾಗಿ 1986ರಲ್ಲಿ ರೂಪಿಸಿದ ಸೂತ್ರದಂತೆ, ಸೆಂಟಿಮೀಟರಿನಲ್ಲಿರುವ ಎತ್ತರದ ವರ್ಗಮೂಲವನ್ನು 2,260ರಿಂದ ಗುಣಿಸಿ 3,019 ಕಳೆದರೆ ಹೆಕ್ಟೇರಿಗೆ ಇಷ್ಟು ಕಿಲೋ ಎಂದು ಬರುತ್ತದೆ. ತಟ್ಟೆ 10 ಸೆಂ.ಮೀ.ನಲ್ಲಿ ನಿಂತರೆ ಹೆಕ್ಟೇರಿಗೆ ನಾಲ್ಕು ಟನ್ನಿಗಿಂತ ತುಸು ಹೆಚ್ಚು.

ನವೆಂಬರಿನಲ್ಲಿ ಮೊದಲ ತಟ್ಟೆ ಸಿದ್ಧವಾಯಿತು. 12 ಮಿ.ಮೀ. ಪ್ಲೈವುಡ್ಡನ್ನು 46 ಸೆಂ.ಮೀ. ವೃತ್ತವಾಗಿ ಕೊಯ್ದು, ನಡುವೆ ರಂಧ್ರ ಕೊರೆದು, ತೂಕ ಸರಿಹೋಗುವವರೆಗೆ ಕಬ್ಬಿಣದ ವಾಷರುಗಳನ್ನು ಅಂಚಿನ ಸುತ್ತ ಸಮನಾಗಿ ತಿರುಪು ಹಾಕಿದೆ. ರಂಧ್ರವನ್ನು ಕೊಳವೆಗೆ ತೀರ ಬಿಗಿಯಾಗಿ ಕೊರೆದದ್ದು ತಪ್ಪಾಯಿತು. ಹುಲ್ಲು ಒಂದು ಬದಿಗೆ ದಟ್ಟವಾಗಿದ್ದರೆ ತಟ್ಟೆ ವಾಲಿ, ಕೊಳವೆಗೆ ಕಚ್ಚಿಕೊಂಡು, ಅರ್ಧದಲ್ಲೇ ನಿಲ್ಲುತ್ತಿತ್ತು. ರಂಧ್ರವನ್ನು ಹಿಗ್ಗಿಸಿ, ಅದರಲ್ಲಿ 10 ಸೆಂ.ಮೀ. ಉದ್ದದ ಪಿವಿಸಿ ಕೊಳವೆಯ ತುಂಡೊಂದನ್ನು ಕುತ್ತಿಗೆಯಂತೆ ಕೂರಿಸಿದ ಮೇಲೆ ತಟ್ಟೆ ಸಲೀಸಾಗಿ ಜಾರತೊಡಗಿತು. ಕೊಳವೆಯ ಬುಡ ಚಕಮಕಿ ಕಲ್ಲುಗಳ ಸಂದಿಗೆ ಇಳಿದುಬಿಡುತ್ತಿದ್ದುದರಿಂದ ಅಂಗೈಯಗಲದ ಲೋಹದ ಪಾದವೊಂದನ್ನು ಬೆಸುಗೆ ಹಾಕಿಸಬೇಕಾಯಿತು.

ಎತ್ತರ ಓದುವುದಕ್ಕೆ ಮೊದಲು ಹಾಕಿದ್ದು ಎಲ್ಲ ಹವ್ಯಾಸಿಗಳೂ ಬಳಸುವ ಎಚ್‌ಸಿ-ಎಸ್‌ಆರ್04 ಎಂಬ ಶ್ರವಣಾತೀತ ಸಂವೇದಕ. ಅದು ಕೋಲಿನ ತುದಿಯಿಂದ ಕೆಳಗೆ ಶಬ್ದ ಕಳಿಸಿ, ತಟ್ಟೆಗೆ ತಾಗಿ ಮರಳುವ ಸಮಯದಿಂದ ದೂರ ಹೇಳುತ್ತದೆ. ಕೋಣೆಯಲ್ಲಿ ಚೆನ್ನಾಗಿಯೇ ನಡೆಯಿತು. ಹೊಲದಲ್ಲಿ ಮುಂಜಾನೆ ಅಳೆದ ಹುಲ್ಲು ಮಧ್ಯಾಹ್ನದ ವೇಳೆಗೆ 5 ಸೆಂ.ಮೀ. ಬೆಳೆದಂತೆ ತೋರಿಸಿತು! ಶಬ್ದದ ವೇಗ ಶೂನ್ಯ ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 331 ಮೀಟರ್, 25 ಡಿಗ್ರಿಯಲ್ಲಿ 346. ನಾನು ಬರೆದ ಕಾರ್ಯಕ್ರಮ ಎರಡೂ ಹೊತ್ತಿಗೆ 343 ಎಂದು ಹಿಡಿದಿತ್ತು. ತಾಪಮಾಪಕವೊಂದನ್ನು ಜೋಡಿಸಿ ಆ ದೋಷವನ್ನು ತಿದ್ದಿದೆನಾದರೂ, ತಟ್ಟೆಯ ಪಕ್ಕದಲ್ಲಿ ತಲೆಯೆತ್ತಿ ನಿಂತ ತೆನೆಗಳಿಂದ ಶಬ್ದ ಮೊದಲೇ ಮರಳಿಬರುವುದನ್ನು ತಡೆಯಲಾಗಲಿಲ್ಲ.

ಅದನ್ನು ಕಿತ್ತು, ವಿಎಲ್53ಎಲ್1ಎಕ್ಸ್ ಎಂಬ ಲೇಸರ್ ಸಂವೇದಕವನ್ನು ಹಾಕಿದೆ. ಇದೂ ಮೊದಲ ವಾರ ತೆನೆಗಳನ್ನೇ ಓದಿತು. ಕೈಪಿಡಿಯನ್ನು ಮೊದಲೇ ಪೂರ್ತಿ ಓದಿದ್ದರೆ ಕಾರಣ ಹೊಳೆಯುತ್ತಿತ್ತು. ಇದರ ನೋಟದ ಕೋನ 27 ಡಿಗ್ರಿ. ಒಂದೂವರೆ ಮೀಟರ್ ಕೆಳಗೆ ಆ ಶಂಕು 72 ಸೆಂ.ಮೀ. ಅಗಲವಾಗುತ್ತದೆ, ನನ್ನ ತಟ್ಟೆಯೋ 46. ಸಂವೇದಕದ ಒಳಗಿನ ಗ್ರಾಹಕ ಜಾಲದ ನಡುಭಾಗವನ್ನು ಮಾತ್ರ ಬಳಸುವಂತೆ ಹೊಂದಿಸಿದರೆ ಕೋನ 15 ಡಿಗ್ರಿಗೆ ಇಳಿಯುತ್ತದೆ. ಆಗ ಅದೇ ದೂರದಲ್ಲಿ ಶಂಕುವಿನ ಅಗಲ 40 ಸೆಂ.ಮೀ.ನೊಳಗೆ ಬಂದು ತಟ್ಟೆಯ ಮೇಲೆಯೇ ಬೀಳುತ್ತದೆ. ಬಿಸಿಲಿನಲ್ಲಿ ಓದಿಕೆ ಚಂಚಲವಾಗುವುದನ್ನು ತಡೆಯಲು ತಟ್ಟೆಯ ಮೇಲ್ಮೈಗೆ ಬಿಳಿ ಬಣ್ಣ ಬಳಿದು, ಸಂವೇದಕಕ್ಕೆ ಕಪ್ಪು ಕೊಳವೆಯ ಮುಸುಕು ಹಾಕಿ, ಒಂದೊಂದು ಜಾಗದಲ್ಲೂ 20 ಓದಿಕೆಗಳ ಮಧ್ಯಾಂಕವನ್ನು ತೆಗೆದುಕೊಂಡೆ. ಅಂದಿನಿಂದ ಅಳತೆಪಟ್ಟಿಯ ಓದಿಕೆಗೂ ಸಂವೇದಕದ ಓದಿಕೆಗೂ ಒಂದು ಸೆಂಟಿಮೀಟರಿಗಿಂತ ಹೆಚ್ಚು ಜಗಳವಾಗಿಲ್ಲ.

ಇಷ್ಟೆಲ್ಲ ಆದ ಮೇಲೆ ಮಾರ್ಗದರ್ಶಕರು ತಟ್ಟೆಯನ್ನು ಎತ್ತಿ ನೋಡಿ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಒಂದೂವರೆ ಕಿಲೋ ತೂಕ ಹೇರಿ ಹುಲ್ಲನ್ನು ತಗ್ಗಿಸಿದ ಮೇಲೆ ಅಳೆದದ್ದು ಹುಲ್ಲಿನ ಎತ್ತರ ಹೇಗಾಯಿತು? ಚದರ ಮೀಟರಿಗೆ 9 ಕಿಲೋ ಭಾರ ಅದು. ಹುಲ್ಲಿನ ತೂಕವನ್ನು ಅಂದಾಜು ಮಾಡಲು ಆ ತಗ್ಗುವಿಕೆಯೇ ಬೇಕು, ಆದರೆ ರಾದರ್ಮೆಲ್ ಕೇಳುವುದು ತಗ್ಗದ ಹುಲ್ಲನ್ನು. ಎರಡನೆಯ ತಟ್ಟೆ ಹುಟ್ಟಿದ್ದು ಹೀಗೆ. ಪೊಟ್ಟಣವೊಂದರಲ್ಲಿ ಬಂದಿದ್ದ 25 ಮಿ.ಮೀ. ಥರ್ಮಾಕೋಲನ್ನು ಅದೇ ವ್ಯಾಸಕ್ಕೆ ಕೊಯ್ದು, ರಟ್ಟಿನ ಕುತ್ತಿಗೆ ಅಂಟಿಸಿದೆ. ಒಟ್ಟು ತೂಕ 150 ಗ್ರಾಂ, ಮೊದಲನೆಯದರ ಹತ್ತನೆಯ ಒಂದು ಪಾಲು. ಒಂಟಿ ತೆನೆಗಳು ಅದರ ಕೆಳಗೆ ಬಾಗುತ್ತವೆ, ಹುಲ್ಲಿನ ಮೈ ಬಾಗುವುದಿಲ್ಲ. ಬೇಕಾದದ್ದು ಅದೇ. ಕಾನ್ಸಸ್‌ನ ಗಾಳಿಗೆ ಈ ಹಗುರ ತಟ್ಟೆ ಮಾತ್ರ ಹಪ್ಪಳದಂತೆ ಹಾರುವುದರಿಂದ, ಸೂರ್ಯ ಹುಟ್ಟಿದ ಮೊದಲ ಎರಡು ಗಂಟೆಯೊಳಗೆ ಅಳತೆ ಮುಗಿಸಬೇಕೆಂಬ ಶಿಸ್ತನ್ನು ರೂಢಿಸಿಕೊಂಡೆ. ವಿಡಿಯೊ ಕರೆಯಲ್ಲಿ ಇದನ್ನು ನೋಡಿದ ಅಪ್ಪಯ್ಯ, ಕರಡದ ವಿಷಯ ತಿಳಿಯುವುದಕ್ಕೆ ಒಂದು ಹಿಡಿ ಕಿತ್ತು ತಿರುಚಿ ನೋಡಿದರೆ ಸಾಲದೇನೋ ಮಾರಾಯ ಎಂದರು. ತೇವದ ಮಟ್ಟಿಗೆ ಅವರ ಪರೀಕ್ಷೆ ತಪ್ಪೇನಲ್ಲ. ಪಟ್ಟನೆ ಮುರಿದರೆ ಒಣಗಿದೆ, ಬಳುಕಿದರೆ ಇನ್ನೂ ತೇವವಿದೆ.

ಭಾರದ ತಟ್ಟೆಯ ಓದಿಕೆಯನ್ನು ತೂಕಕ್ಕೆ ಹೊಂದಿಸಲು ಹುಲ್ಲು ಕೊಯ್ಯಲೇಬೇಕಿತ್ತು, ಏಕೆಂದರೆ ಆಫ್ರಿಕಾದ ಸೂತ್ರ ಇಲ್ಲಿನ ಒರಟು ಕಾಂಡಗಳಿಗೆ ಹೊಂದುವುದಿಲ್ಲ. ತಟ್ಟೆ ಬಿಟ್ಟ ಜಾಗದಲ್ಲೇ ಅರ್ಧ ಮೀಟರ್ ಬದಿಯ ಚೌಕಟ್ಟು ಇಟ್ಟು, ಒಳಗಿನ ಹುಲ್ಲನ್ನೆಲ್ಲ ಕುಡುಗೋಲಿನಿಂದ ನೆಲಕ್ಕೆ ಹತ್ತಿ ಕೊಯ್ದು, ಕಾಗದದ ಚೀಲದಲ್ಲಿ ಹಾಕಿ, 70 ಡಿಗ್ರಿ ಓವನ್‌ನಲ್ಲಿ 48 ಗಂಟೆ ಒಣಗಿಸಿ ತೂಗಿದೆ. ಆಂಡರ್ಸನ್‌ನ ಮಾದರಿಯ 3.01 ಟನ್ ಎಂದರೆ ಈ ಚೌಕಟ್ಟಿನೊಳಗೆ ಸುಮಾರು 169 ಗ್ರಾಂ ಒಣಹುಲ್ಲು. ಇಲ್ಲಿ ಒಂದು ಎಚ್ಚರಿಕೆ ಬೇಕು: ಬೆಂಕಿಯ ಲೆಕ್ಕದಲ್ಲಿ ತೇವಾಂಶವೆಂದರೆ ಹೋದ ನೀರನ್ನು ಒಣ ತೂಕದಿಂದ ಭಾಗಿಸಿ ಬಂದದ್ದು, ಹಸಿ ತೂಕದಿಂದ ಅಲ್ಲ. 300 ಗ್ರಾಂ ಹಸಿ ಹುಲ್ಲು ಒಣಗಿ 100 ಗ್ರಾಂ ಆದರೆ ತೇವ ಶೇ 200, ಶೇ 67 ಅಲ್ಲ. ಒಣಹುಲ್ಲಿನಲ್ಲಿ ಈ ಎರಡು ಲೆಕ್ಕಗಳ ಅಂತರ ಕಣ್ಣಿಗೆ ಬೀಳುವುದಿಲ್ಲ. ಚಿಗುರು ಬೆರೆತಾಗ ಎಲ್ಲವನ್ನೂ ಕೆಡಿಸುತ್ತದೆ. 2005ರಲ್ಲಿ ಸ್ಕಾಟ್ ಮತ್ತು ಬರ್ಗನ್ ರೂಪಿಸಿದ 40 ಮಾದರಿಗಳಲ್ಲಿ, ಹಸಿರು ಹುಲ್ಲಿನ ತೇವ ಶೇ 120ರಿಂದ 30ಕ್ಕೆ ಇಳಿಯುತ್ತಿದ್ದಂತೆ ಅದರ ತೂಕವನ್ನು ಸ್ವಲ್ಪ ಸ್ವಲ್ಪವಾಗಿ ಒಣಹುಲ್ಲಿನ ಖಾತೆಗೆ ವರ್ಗಾಯಿಸುತ್ತಾರೆ. ಹಸಿ ತೂಕದ ಲೆಕ್ಕ ಹಿಡಿದವರಿಗೆ ಹಸಿರು ಹುಲ್ಲೂ ಅರೆ ಒಣಗಿದಂತೆ ಕಾಣುತ್ತದೆ.

ಎಲೆ ಎಷ್ಟು ತೆಳು ಎಂಬುದನ್ನು ಮೈಕ್ರೋಮೀಟರಿನಲ್ಲಿ ಅಳೆದೆ. ಲೆಕ್ಕಕ್ಕೆ ಬೇಕಾದದ್ದು ಎಲೆಯ ಮೇಲ್ಮೈಯನ್ನು ಅದರ ಗಾತ್ರದಿಂದ ಭಾಗಿಸಿ ಬರುವ ಅಂಕಿ; ಚಪ್ಪಟೆ ಎಲೆಗೆ ಎರಡನ್ನು ದಪ್ಪದಿಂದ ಭಾಗಿಸಿದರೆ ಸಾಕು. ಮಾದರಿ ಹೇಳುವ ಅಡಿಗೆ 1,500 ಎಂಬ ಅಂಕಿ 0.4 ಮಿ.ಮೀ. ದಪ್ಪಕ್ಕೆ ಸಮ. ತಿರುಪು ಬಿಗಿದಷ್ಟೂ ಎಲೆ ನಜ್ಜುಗುಜ್ಜಾಗಿ ತೆಳುವಾಗುತ್ತ ಹೋಗುತ್ತದೆ ಎಂಬುದನ್ನು ಬಿಟ್ಟರೆ ಹೇಳುವಂಥದ್ದೇನೂ ಇಲ್ಲ.

ಜನವರಿಯಲ್ಲಿ ಹಿಮ ಬಿತ್ತು. ಡಿಸೆಂಬರಿನಲ್ಲಿ ಅಳೆದ ಅದೇ ಜಾಗಗಳನ್ನು ಹಿಮ ಕರಗಿದ ಮೇಲೆ ಹಗುರ ತಟ್ಟೆಯಿಂದ ಮತ್ತೆ ಅಳೆದಾಗ, ಈ ಸಾಮಾನಿಗೆ ಸುರಿದ ಸಮಯ ವ್ಯರ್ಥವಾಗಲಿಲ್ಲವೆಂದು ಮೊದಲ ಬಾರಿಗೆ ಅನಿಸಿತು. ತೂಕ ಹೆಚ್ಚು ಬದಲಾಗಿರಲಿಲ್ಲ. ತಗ್ಗಿನ ತುಂಡಿನಲ್ಲಿ, ಹಿಮ ರಾಶಿಬಿದ್ದ ಕಡೆ, ಹುಲ್ಲು ಮಗುಚಿ ಮಲಗಿ ಎತ್ತರ ಅರ್ಧಕ್ಕಿಂತ ಕೆಳಗಿಳಿದಿತ್ತು; ಗಾಳಿ ಬಡಿಯುವ ನೆತ್ತಿಯ ತುಂಡಿನಲ್ಲಿ ಲಿಟ್ಲ್ ಬ್ಲೂಸ್ಟೆಮ್‌ನ ಗಟ್ಟಿ ಬುಡಗಳು ನೆಟ್ಟಗೇ ನಿಂತಿದ್ದವು. ಪಟ್ಟಿಯಿಂದ ಒಂದು ಮಾದರಿಯನ್ನು ಆರಿಸಿ ಇಡೀ ಜಮೀನಿಗೆ ಹಚ್ಚಿದ್ದರೆ ಎರಡಕ್ಕೂ 2.5 ಅಡಿ ಎಂದೇ ಬರುತ್ತಿತ್ತು. ಇಲ್ಲಿನ ದೊಡ್ಡ ಬೆಂಕಿಗಳು ಇಂಥ ಕೊನೆಯ ಚಳಿಗಾಲದಲ್ಲೇ ಏಳುತ್ತವೆ. ಟೆಕ್ಸಾಸ್‌ನ ಉತ್ತರ ಮೂಲೆಯಲ್ಲಿ 10 ಲಕ್ಷ ಎಕರೆ ದಾಟಿದ ಸ್ಮೋಕ್‌ಹೌಸ್ ಕ್ರೀಕ್ ಬೆಂಕಿ ಹೊತ್ತಿಕೊಂಡದ್ದು 2024ರ ಫೆಬ್ರವರಿ ಕೊನೆಯಲ್ಲಿ.

ಮಾರ್ಚಿನ ಬೆಂಕಿಗಾಗಿ ಒಂಬತ್ತು ದಾಖಲೆ ಪೆಟ್ಟಿಗೆಗಳನ್ನು ಕಟ್ಟಿದ್ದೆ. ಆರ್ಡುಯಿನೊ ಎಂಬ ಪುಟ್ಟ ಗಣಕ ಫಲಕ, ಬಿಸಿ ಅಳೆಯುವ ಕೆ ಮಾದರಿಯ ಥರ್ಮೋಕಪಲ್ ತಂತಿ, ಅದನ್ನು ಓದುವ ಮ್ಯಾಕ್ಸ್6675 ಚಿಪ್ಪು, ನೆನಪಿನ ಕಾರ್ಡು, ಗಡಿಯಾರದ ಚಿಪ್ಪು. ಪೆಟ್ಟಿಗೆ ನೆಲದೊಳಗೆ ಒಂದು ಗೇಣು ಆಳದಲ್ಲಿರುತ್ತದೆ, ತಂತಿಯ ತುದಿ ಮಾತ್ರ ನೆಲದಿಂದ 30 ಸೆಂ.ಮೀ. ಮೇಲೆ. 10 ಮೀಟರಿಗೊಂದರಂತೆ ಮೂರು ಸಾಲು ಹೂತರೆ, ಒಂದೇ ಗೆರೆಯಲ್ಲಿಲ್ಲದ ಯಾವುದೇ ಮೂರು ತುದಿಗಳಿಗೆ ಬೆಂಕಿ ತಲುಪಿದ ಸಮಯದಿಂದ ಅದರ ವೇಗವನ್ನೂ ದಿಕ್ಕನ್ನೂ ಕಂಡುಹಿಡಿಯಬಹುದು. ಮೊದಲು ಹಾಕಿದ್ದ ಡಿಎಸ್1307 ಗಡಿಯಾರಗಳನ್ನು ಫೆಬ್ರವರಿಯಲ್ಲೇ ಕಿತ್ತೆಸೆದೆ. ಅವುಗಳ ಸ್ಫಟಿಕ ಹತ್ತು ಲಕ್ಷಕ್ಕೆ 20ರಷ್ಟು ತಪ್ಪಿದರೂ ದಿನಕ್ಕೆ 1.7 ಸೆಕೆಂಡ್, ಎರಡು ವಾರಕ್ಕೆ 24 ಸೆಕೆಂಡ್ ಆಗುತ್ತದೆ. ಲೆಕ್ಕದ ಬೆಂಕಿ 10 ಮೀಟರ್ ದಾಟಲು ತೆಗೆದುಕೊಳ್ಳುವುದೇ 18 ಸೆಕೆಂಡ್. ಬದಲಿಗೆ ಹಾಕಿದ ಡಿಎಸ್3231 ತನ್ನ ತಾಪಕ್ಕೆ ತಕ್ಕಂತೆ ತಾನೇ ತಿದ್ದಿಕೊಳ್ಳುತ್ತದೆ, ದಿನಕ್ಕೆ ಸೆಕೆಂಡಿನ ಐದನೆಯ ಒಂದು ಭಾಗವೂ ತಪ್ಪುವುದಿಲ್ಲ.

ಇಷ್ಟು ಎಚ್ಚರ ವಹಿಸಿಯೂ ಮೊದಲ ತುಂಡಿನ ದಾಖಲೆಯಲ್ಲಿ ನಾಲ್ಕು ಪೆಟ್ಟಿಗೆಗಳು ಉಳಿದ ಐದಕ್ಕಿಂತ ಒಂದು ಗಂಟೆ ತಡವಾಗಿ ಬೆಂಕಿ ಕಂಡವು. ಕಾರಣ ಯಂತ್ರದ್ದಲ್ಲ. ಈ ದೇಶದಲ್ಲಿ ಮಾರ್ಚಿನ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಐದು ಪೆಟ್ಟಿಗೆಗಳಿಗೆ ಅದಕ್ಕೆ ಮುಂಚೆ, ನಾಲ್ಕಕ್ಕೆ ಅದಾದ ಮೇಲೆ ಲ್ಯಾಪ್‌ಟಾಪಿನಿಂದ ಸಮಯ ತುಂಬಿದ್ದೆ. 3,600 ಸೆಕೆಂಡ್ ಕಳೆದರೆ ಸರಿಹೋಗುವ ತಪ್ಪು ಎಂಬುದೇ ಪುಣ್ಯ. ಈಗ ಎಲ್ಲವನ್ನೂ ಗ್ರೀನಿಚ್ ಸಮಯದಲ್ಲೇ ಇಡುತ್ತೇನೆ. ಬೆಂಕಿ ಕೊಟ್ಟದ್ದು ತರಬೇತಿ ಪಡೆದ ತಂಡ, ನಾನಲ್ಲ. ಮೊದಲು ಗಾಳಿಯ ಕೆಳಬದಿಯ ಅಂಚಿನಲ್ಲಿ ಗಾಳಿಗೆದುರಾಗಿ ನಿಧಾನದ ಬೆಂಕಿ ಕೊಟ್ಟು, ಅಗಲವಾದ ಕರಿ ಪಟ್ಟಿ ಮಾಡಿಕೊಂಡು, ಆಮೇಲೆ ಗಾಳಿಯ ಬೆನ್ನಿನ ಕಡೆಯಿಂದ, ಉರಿಯುವ ಎಣ್ಣೆ ತೊಟ್ಟಿಕ್ಕಿಸುವ ಡ್ರಿಪ್ ಟಾರ್ಚಿನಲ್ಲಿ ಗೆರೆ ಎಳೆದರು. ಮುಂದಿನದನ್ನು ನೋಡುವುದಕ್ಕಿಂತ ಕೇಳಿದ್ದೇ ಹೆಚ್ಚು: ಒಮ್ಮೆಗೇ ಹತ್ತು ಸೂಡಿ ಹೊತ್ತಿಸಿದಂಥ ಸದ್ದು, ಎರಡು ನಿಮಿಷದೊಳಗೆ ಎಲ್ಲ ಮುಗಿದು ಕರಿನೆಲ.

ಹೋಲಿಕೆಯ ಫಲ ಅರ್ಧ ಸಿಹಿ. ಮೂರು ತುಂಡುಗಳಲ್ಲಿ ಯಾವುದು ವೇಗ, ಯಾವುದು ನಿಧಾನ ಎಂಬ ಕ್ರಮವನ್ನು ಕಣ್ಣಂದಾಜಿನ ಎತ್ತರ ಕೊಟ್ಟಾಗ ಲೆಕ್ಕ ತಲೆಕೆಳಗಾಗಿ ಹೇಳಿತ್ತು. ಹಗುರ ತಟ್ಟೆಯ ಎತ್ತರ ಕೊಟ್ಟ ಮೇಲೆ ಸರಿಯಾಗಿ ಹೇಳಿತು. ಮಲಗಿದ ಹುಲ್ಲಿನ ತುಂಡು ಎಲ್ಲಕ್ಕಿಂತ ನಿಧಾನವಾಗಿತ್ತು, ಅಲ್ಲಿ ಹುಲ್ಲಿನ ತೂಕ ಎಲ್ಲಕ್ಕಿಂತ ಹೆಚ್ಚಿದ್ದರೂ. ಆದರೆ ಮೂರರಲ್ಲೂ ನಿಜವಾದ ಬೆಂಕಿ ಲೆಕ್ಕಕ್ಕಿಂತ ಮುಂದಿತ್ತು. ಆಸ್ಟ್ರೇಲಿಯಾದ ಚೇನಿ, ಗೂಲ್ಡ್ ಮತ್ತು ಕ್ಯಾಚ್‌ಪೋಲ್ 1998ರಲ್ಲಿ ಪ್ರಕಟಿಸಿದ ಹುಲ್ಲುಗಾವಲಿನ ಸೂತ್ರವನ್ನೂ ಹಾಕಿ ನೋಡಿದೆ. ಅದರಲ್ಲಿ ಹುಲ್ಲಿನ ತೂಕಕ್ಕೆ ಜಾಗವೇ ಇಲ್ಲ. ಗಾಳಿ, ತೇವ, ಒಣಗಿದ ಪ್ರಮಾಣ, ಮೇಯ್ದಿದೆಯೋ ಇಲ್ಲವೋ, ಇಷ್ಟೇ. ಆಂಡರ್ಸನ್‌ನ ಉದಾಹರಣೆಯ ಗಾಳಿಯನ್ನು 10 ಮೀಟರ್ ಎತ್ತರಕ್ಕೆ ಹೊಂದಿಸಿದರೆ ಗಂಟೆಗೆ ಸುಮಾರು 21 ಕಿ.ಮೀ.; ಆ ಗಾಳಿಗೆ, ಶೇ 8ರ ತೇವಕ್ಕೆ ಈ ಸೂತ್ರ ಗಂಟೆಗೆ 4 ಕಿ.ಮೀ.ಗಿಂತ ಹೆಚ್ಚು ಎನ್ನುತ್ತದೆ, ರಾದರ್ಮೆಲ್ ಸುಮಾರು 2 ಎನ್ನುತ್ತದೆ. ನನ್ನ ಮೂರು ಬೆಂಕಿಗಳೂ ಆಯಾ ದಿನದ ಗಾಳಿಗೆ ಈ ಎರಡು ಲೆಕ್ಕಗಳ ನಡುವೆ ಬಿದ್ದವು. ಬೆಂಕಿಯ ಮುಂಚೂಣಿ ಸಾಕಷ್ಟು ಅಗಲವಾಗುವವರೆಗೆ ಅದು ತನ್ನ ಪೂರ್ತಿ ವೇಗಕ್ಕೆ ಏರುವುದಿಲ್ಲ ಎಂಬುದೂ ಅದೇ ಆಸ್ಟ್ರೇಲಿಯಾದ ಪ್ರಯೋಗಗಳಲ್ಲಿ ಕಂಡದ್ದು. ನನ್ನ ತುಂಡುಗಳ ಅಗಲ 40 ಮೀಟರ್, ಆದ್ದರಿಂದ ಆ ಸೂತ್ರಕ್ಕಿಂತ ಹಿಂದೆ ಬಿದ್ದದ್ದು ನನಗೆ ಆಶ್ಚರ್ಯವಲ್ಲ. ರಾದರ್ಮೆಲ್ ಲೆಕ್ಕವನ್ನು ಮೀರಿದ್ದು ಏಕೆಂಬುದಕ್ಕೆ ನನ್ನ ಅನುಮಾನ ಗಾಳಿಯ ಮೇಲಿದೆ. 20 ಅಡಿ ಎತ್ತರದಲ್ಲಿ ಅಳೆದ ಗಾಳಿಯನ್ನು ಜ್ವಾಲೆಯ ಮಟ್ಟಕ್ಕೆ ಇಳಿಸಲು ಬಳಸುವ ಗುಣಕ ಎತ್ತರದ ಹುಲ್ಲಿಗೆ 0.44, ಗಿಡ್ಡ ಹುಲ್ಲಿಗೆ 0.36, ಮತ್ತು ಅದನ್ನು ಲೆಕ್ಕ ಹಾಕುವುದೂ ಹುಲ್ಲಿನ ಎತ್ತರದಿಂದಲೇ.

ಈ ಸಲ ನೆಟ್ಟ ಕಂಬದಲ್ಲಿ ಗಾಳಿಮಾಪಕ ಇದ್ದದ್ದು ಒಂದೇ. ಮುಂದಿನ ಮಾರ್ಚಿಗೆ ಇನ್ನೊಂದನ್ನು ಹುಲ್ಲಿನ ತುದಿಯ ಮಟ್ಟದಲ್ಲಿ ಕಟ್ಟಬೇಕು. ಥರ್ಮಾಕೋಲಿನ ತಟ್ಟೆಯ ಅಂಚು ಸವೆದು 150 ಗ್ರಾಂ ತೂಕ 141ಕ್ಕೆ ಇಳಿದಿದೆ. ಹೊಸದನ್ನು ಕೊಯ್ದು, ಅಂಚಿಗೆ ಬಟ್ಟೆಯ ಅಂಟುಪಟ್ಟಿ ಸುತ್ತಿ, ತೂಕವನ್ನು ಸರಿಮಾಡಿ ಇಟ್ಟಿದ್ದೇನೆ.